ಕರಿದ ಎಣ್ಣೆಗೆ ಹೌದು, ಹೊಸ ಎಣ್ಣೆಗೆ ಇಲ್ಲ: ಜೈವಿಕ ಇಂಧನದ ಕಚ್ಚಾವಸ್ತುವಿಗೆ ಒಪ್ಪಿಗೆ ಸಿಗುವುದು ಹೇಗೆ?

ಹುಬ್ಬಳ್ಳಿಯ ಯಾವುದಾದರೂ ಮಿರ್ಚಿ ಅಂಗಡಿಯ ಮುಂದೆ ಎರಡು ಡಬ್ಬಿ ಇವೆ ಎಂದುಕೊಳ್ಳಿ. ಒಂದರಲ್ಲಿ ಇನ್ನೂ ಸೀಲು ಒಡೆಯದ ಪಾಮ್ ಎಣ್ಣೆ. ಇನ್ನೊಂದರಲ್ಲಿ ಅದೇ ಎಣ್ಣೆ, ಆದರೆ ನಾಲ್ಕು ದಿನ ಕರಿದು ಕಪ್ಪಾಗಿ, ಅಂಟಂಟಾಗಿ, ಇನ್ನು ಬಾಣಲೆಗೆ ಸುರಿಯಲಾಗದಂತಾದದ್ದು. ಎರಡರಿಂದಲೂ ಬಯೋಡೀಸೆಲ್ ಆಗುತ್ತದೆ. ನಿಜ ಹೇಳಬೇಕೆಂದರೆ ಹೊಸ ಎಣ್ಣೆಯಿಂದಲೇ ಸಲೀಸಾಗಿ ಆಗುತ್ತದೆ. ಆದರೂ ಐರೋಪ್ಯ ಒಕ್ಕೂಟದ ನಿಯಮದಲ್ಲಿ ಪಾಮ್ ಎಣ್ಣೆಯ ಇಂಧನಕ್ಕೆ ಕೊಡುವ ಮನ್ನಣೆ 2030ರ ಹೊತ್ತಿಗೆ ಬಹುತೇಕ ಸೊನ್ನೆಗೆ ಇಳಿಯಬೇಕು. ಕರಿದ ಎಣ್ಣೆಯ ಇಂಧನವನ್ನೋ ಒಂದು ಲೀಟರ್ ಬಳಸಿದರೆ ಗುರಿಯ ಲೆಕ್ಕಕ್ಕೆ ಎರಡು ಲೀಟರ್ ಎಂದು ಬರೆದುಕೊಳ್ಳಬಹುದು. ಹೀಗಾಗಿ ಕೆಲವೊಮ್ಮೆ ಮಾರುಕಟ್ಟೆಯಲ್ಲಿ ಕೆಟ್ಟ ಎಣ್ಣೆಯ ಬೆಲೆ ಹೊಸ ಎಣ್ಣೆಯನ್ನೂ ಮೀರಿದ್ದುಂಟು.

ಇದು ಹುಚ್ಚಾಟದಂತೆ ಕಂಡರೂ ಹಿಂದೆ ಒಂದು ತರ್ಕವಿದೆ. ನಿಯಮ ಮಾಡುವವರು ಕಚ್ಚಾವಸ್ತುವಿನ ಹೆಸರು ಕೇಳಿ ಸುಮ್ಮನಾಗುವುದಿಲ್ಲ. ಇದನ್ನು ಇಂಧನಕ್ಕೆ ಒಯ್ಯದೆ ಬಿಟ್ಟಿದ್ದರೆ ಇದು ಏನಾಗುತ್ತಿತ್ತು ಎಂದು ಕೇಳುತ್ತಾರೆ. ಹೊಸ ಎಣ್ಣೆಯನ್ನು ಯಾರೋ ತಿನ್ನುತ್ತಿದ್ದರು. ಅದನ್ನು ಕಸಿದುಕೊಂಡರೆ ಅಷ್ಟೇ ಎಣ್ಣೆಗಾಗಿ ಇನ್ನೆಲ್ಲೋ ಕಾಡು ಕಡಿದು ತೋಟ ಹಾಕುತ್ತಾರೆ. ಕರಿದ ಎಣ್ಣೆ ಗಟಾರಕ್ಕೆ ಹೋಗುತ್ತಿತ್ತು, ಇಲ್ಲವೇ ಅಗ್ಗಕ್ಕೆ ಮಾರಾಟವಾಗಿ ಇನ್ನೊಂದು ತಳ್ಳುಗಾಡಿಯ ಬಾಣಲೆ ಸೇರುತ್ತಿತ್ತು. ಗೋವಿನಜೋಳ, ಕಾಕಂಬಿ, ಕಣಿಕೆ, ಹತ್ತಿಕಟ್ಟಿಗೆ ಯಾವುದನ್ನೇ ತಂದರೂ ಈ ಪ್ರಶ್ನೆಗೆ ಉತ್ತರ ಕೊಡಬೇಕು.

ಒಂದೇ ಕಬ್ಬಿನಿಂದ ಮೂರು ದರ್ಜೆ

ಕಾನೂನಿನ ಭಾಷೆಯಲ್ಲಿ ಕಚ್ಚಾವಸ್ತುವಿಗೆ ನಾಲ್ಕು ಖಾನೆಗಳಿವೆ: ಮುಖ್ಯ ಉತ್ಪನ್ನ, ಸಹ ಉತ್ಪನ್ನ, ಶೇಷ, ತ್ಯಾಜ್ಯ. ಮೊದಲಿನ ಎರಡು ಖಾನೆಗೆ ಬಿದ್ದರೆ ಹೊಲದಿಂದಲೇ ಲೆಕ್ಕ ಶುರು: ಗೊಬ್ಬರ, ಡೀಸೆಲ್, ಜಮೀನು ಎಲ್ಲವೂ ಇಂಧನದ ತಲೆಗೆ ಬರುತ್ತವೆ. ಶೇಷ ಅಥವಾ ತ್ಯಾಜ್ಯ ಎಂದಾದರೆ ಅದನ್ನು ಸಂಗ್ರಹಿಸುವ ಜಾಗದವರೆಗಿನ ಇಂಗಾಲದ ಹೊರಸೂಸುವಿಕೆ ಸೊನ್ನೆ. ಖಾನೆ ಬದಲಾದರೆ ಇಡೀ ಹಣೆಬರಹ ಬದಲಾಗುವುದರಿಂದ ಜಗಳವೆಲ್ಲ ಇಲ್ಲಿಯೇ.

ಐರೋಪ್ಯ ನಿಯಮದಲ್ಲಿ ಶೇಷದ ವ್ಯಾಖ್ಯಾನ ಬಿಗಿಯಾಗಿದೆ. ಅದು ಕಾರ್ಖಾನೆ ಬಯಸಿ ಮಾಡಿದ ಮಾಲಾಗಿರಬಾರದು. ಅದು ಹೆಚ್ಚು ಬರಲಿ ಎಂದು ಬೇಕೆಂದೇ ಪ್ರಕ್ರಿಯೆ ತಿರುಚಿಯೂ ಇರಬಾರದು. ಈ ಎರಡನೆಯ ಮಾತಿನ ತೂಕ ತಿಳಿಯಬೇಕಾದರೆ ಕಾಕಂಬಿ ನೋಡಬೇಕು. ಹಾವೇರಿಯ ಸಂಗೂರು, ಗದಗ ಜಿಲ್ಲೆಯ ಮುಂಡರಗಿ ಕಡೆಯ ಕಬ್ಬಿನವರಿಗೆ ಇದು ಹೊಸತಲ್ಲ. ಕಬ್ಬಿನ ಹಾಲನ್ನು ಕುದಿಸಿ ಸಕ್ಕರೆ ಹರಳು ತೆಗೆಯುವ ಕೆಲಸ ಮೂರು ಸುತ್ತು ನಡೆಯುತ್ತದೆ. ಮೂರೂ ಮುಗಿದ ಮೇಲೆ ಉಳಿಯುವುದು ಸಿ ದರ್ಜೆಯ ಕಾಕಂಬಿ. ಅದರಲ್ಲಿನ ಸಕ್ಕರೆ ತೆಗೆಯಹೋದರೆ ಖರ್ಚೇ ಜಾಸ್ತಿ. ಎರಡನೇ ಸುತ್ತಿಗೇ ನಿಲ್ಲಿಸಿದರೆ ಬಿ ದರ್ಜೆ, ಸಕ್ಕರೆ ಇನ್ನೂ ಉಳಿದದ್ದು. ಕುದಿಸದೆ ಹಾಲನ್ನೇ ಹುದುಗು ಬರಿಸುವುದು ಮೂರನೆಯ ದಾರಿ. ಒಂದು ಟನ್ ಸಿ ದರ್ಜೆಯಿಂದ ಸುಮಾರು 225 ಲೀಟರ್ ಎಥೆನಾಲ್, ಬಿ ದರ್ಜೆಯಿಂದ ಸುಮಾರು 300 ಲೀಟರ್, ನೇರ ಕಬ್ಬಿನಿಂದಾದರೆ ಟನ್ನಿಗೆ ಸುಮಾರು 70 ಲೀಟರ್.

ಬಿ ದರ್ಜೆ ಎಂದರೆ ಬೇಕೆಂದೇ ಸಕ್ಕರೆ ಬಿಟ್ಟ ಕಾಕಂಬಿ. ಮೇಲಿನ ವ್ಯಾಖ್ಯಾನದ ಪ್ರಕಾರ ಅದು ಶೇಷವಾಗಲು ಸಾಧ್ಯವೇ ಇಲ್ಲ. ನಮ್ಮ ಸರ್ಕಾರಕ್ಕಾದರೋ ಅದೇ ಬೇಕಾದದ್ದು, ಏಕೆಂದರೆ ಸಕ್ಕರೆ ಗೋದಾಮಿನಲ್ಲಿ ಕೊಳೆಯದೆ ಎಥೆನಾಲ್ ಆಗಲಿ ಎಂಬುದೇ ಇಲ್ಲಿನ ಲೆಕ್ಕಾಚಾರ. ಹೀಗೆ ಒಂದೇ ಟ್ಯಾಂಕಿನ ಮಾಲಿಗೆ ದಿಲ್ಲಿಯಲ್ಲಿ ಒಂದು ಉತ್ತರ, ಬ್ರಸೆಲ್ಸ್‌ನಲ್ಲಿ ಇನ್ನೊಂದು ಉತ್ತರ.

ಊರು ಬದಲಾದರೂ ಉತ್ತರ ಬದಲಾಗುತ್ತದೆ. ಹರಿಯಾಣದ ಪಾಣಿಪತ್‌ನಲ್ಲಿ 2022ರ ಆಗಸ್ಟ್ 10ರಂದು ಉದ್ಘಾಟನೆಯಾದ ಎಥೆನಾಲ್ ಘಟಕ ವರ್ಷಕ್ಕೆ ಸುಮಾರು 2 ಲಕ್ಷ ಟನ್ ಭತ್ತದ ಹುಲ್ಲಿನಿಂದ 3 ಕೋಟಿ ಲೀಟರ್ ತೆಗೆಯುವ ಲೆಕ್ಕದಲ್ಲಿ ಕಟ್ಟಿದ್ದು. ಅಲ್ಲಿ ಆ ಹುಲ್ಲಿಗೆ ಹೊಲದಲ್ಲೇ ಬೆಂಕಿ ಇಡುತ್ತಿದ್ದರು. ಶೇಷ ಎನ್ನಲು ಯಾರ ತಕರಾರೂ ಇಲ್ಲ. ಅದೇ ಮಾತನ್ನು ಧಾರವಾಡದ ಎರೆ ಹೊಲದ ಬಿಳಿಜೋಳದ ಕಣಿಕೆಗೆ ಹೇಳಿ ನೋಡಿ, ರೈತ ನಗುತ್ತಾನೆ. ಗಿಡ್ಡ ತಳಿಗಳು ಹೆಚ್ಚು ಕಾಳು ಕೊಡುತ್ತವೆ ಎಂದರೂ ಮಾಲ್ದಂಡಿಯನ್ನು ಬಿಡದಿರುವುದಕ್ಕೆ ಮೇವು ಒಂದು ದೊಡ್ಡ ಕಾರಣ. ಕಣಿಕೆ ಇಲ್ಲಿ ಅರ್ಧ ಬೆಳೆ. ಅದನ್ನು ಇಂಧನಕ್ಕೆ ಒಯ್ದರೆ ಎತ್ತು-ಎಮ್ಮೆಗೆ ಬೇರೆ ಮೇವು ಬೆಳೆಯಬೇಕು. ‘ಕೃಷಿ ಶೇಷ’ ಎಂಬ ಒಂದೇ ಪದದ ಅಡಿ ಹುಲ್ಲು, ಕಣಿಕೆ, ಹತ್ತಿಕಟ್ಟಿಗೆ ಎಲ್ಲವನ್ನೂ ಗುಡ್ಡೆ ಹಾಕುವ ಯೋಜನಾ ವರದಿಗಳು ಎಡವುವುದು ಇಲ್ಲಿ.

ಭಾರತದ ಪಟ್ಟಿ ಏನನ್ನು ನೋಡುತ್ತದೆ

2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಎಥೆನಾಲ್‌ಗೆ ಒಪ್ಪುವ ವಸ್ತುಗಳ ಪಟ್ಟಿಯನ್ನು ಹಿಗ್ಗಿಸಿತು. ಕಬ್ಬಿನ ಹಾಲು, ಸಕ್ಕರೆ ಬೀಟ್‌ರೂಟ್, ಸಿಹಿ ಜೋಳ, ಗೋವಿನಜೋಳ, ಮರಗೆಣಸು, ಕೆಟ್ಟ ಗೋಧಿ, ನುಚ್ಚಕ್ಕಿ, ಕೊಳೆತ ಆಲೂಗಡ್ಡೆ ಎಲ್ಲ ಸೇರಿದವು. ಬಯೋಡೀಸೆಲ್‌ಗೆ ತಿನ್ನಲು ಬಾರದ ಎಣ್ಣೆಬೀಜ, ಕರಿದ ಎಣ್ಣೆ, ಪ್ರಾಣಿ ಕೊಬ್ಬಿನಂಥವು. ಆಹಾರಧಾನ್ಯ ಹೆಚ್ಚಾಗಿದೆ ಎಂದು ಘೋಷಿಸಿ ಎಥೆನಾಲ್‌ಗೆ ಬಿಡುವ ಅಧಿಕಾರ ರಾಷ್ಟ್ರೀಯ ಜೈವಿಕ ಇಂಧನ ಸಮನ್ವಯ ಸಮಿತಿಯದು. 2022ರ ತಿದ್ದುಪಡಿಯಲ್ಲಿ ಪೆಟ್ರೋಲಿಗೆ ಶೇ 20 ಎಥೆನಾಲ್ ಬೆರೆಸುವ ಗುರಿ 2030ರಿಂದ 2025-26ಕ್ಕೆ ಹಿಂದೆ ಬಂತು.

ಈ ಪಟ್ಟಿಯಲ್ಲಿ ಕಾರ್ಬನ್ನಿನ ಮಿತಿ ಎಂಬುದೇ ಇಲ್ಲ. ಆಹಾರಕ್ಕೆ ಸಾಕಾಗುತ್ತದೆಯೇ, ಕಚ್ಚಾತೈಲಕ್ಕೆ ಕೊಡುವ ಡಾಲರ್ ಉಳಿಯುತ್ತದೆಯೇ, ಬೆಳೆಗಾರನಿಗೆ ಹಣ ಬರುತ್ತದೆಯೇ ಎಂಬ ಮೂರು ಪ್ರಶ್ನೆಗಳೇ ಇದನ್ನು ನಡೆಸುವುದು. ಆದ್ದರಿಂದಲೇ ಮಳೆ ಕೈಕೊಟ್ಟ ವರ್ಷ ಪಟ್ಟಿ ಕುಗ್ಗುತ್ತದೆ. 2023ರ ಜುಲೈನಲ್ಲಿ ಭಾರತ ಆಹಾರ ನಿಗಮ ಡಿಸ್ಟಿಲರಿಗಳಿಗೆ ಅಕ್ಕಿ ಕೊಡುವುದನ್ನು ನಿಲ್ಲಿಸಿತು. ಅದೇ ಡಿಸೆಂಬರ್ 7ರಂದು ಕಬ್ಬಿನ ಹಾಲಿನ ಎಥೆನಾಲ್‌ಗೆ ತಡೆ ಬಂತು. ಸುಮಾರು ಒಂದು ವಾರದಲ್ಲೇ 17 ಲಕ್ಷ ಟನ್ ಸಕ್ಕರೆಯ ಮಿತಿಯೊಳಗೆ ಹಾಲು ಮತ್ತು ಬಿ ದರ್ಜೆ ಕಾಕಂಬಿ ಎರಡಕ್ಕೂ ಅವಕಾಶ ಕೊಟ್ಟರು. 2024-25ಕ್ಕೆ ಎರಡೂ ಬಾಗಿಲು ಮತ್ತೆ ತೆರೆದವು.

ಅಕ್ಕಿ ಬಂದ್ ಆಗಿ, ಕಬ್ಬಿಗೆ ಕಡಿವಾಣ ಬಿದ್ದಾಗ ಡಿಸ್ಟಿಲರಿಗಳಿಗೆ ಮುಖ್ಯವಾಗಿ ಉಳಿದದ್ದು ಗೋವಿನಜೋಳ. ಅದರ ಎಥೆನಾಲ್‌ಗೆ ಲೀಟರಿಗೆ 71 ರೂಪಾಯಿ 86 ಪೈಸೆ ಕೊಟ್ಟರು, ಎಲ್ಲಕ್ಕಿಂತ ಹೆಚ್ಚಿನ ದರ. (ಹೋಲಿಕೆಗೆ: 2024-25ರಲ್ಲಿ ಸಿ ದರ್ಜೆ ಕಾಕಂಬಿಯದಕ್ಕೆ 57.97, ಕಬ್ಬಿನ ಹಾಲಿನದಕ್ಕೆ 65.61.) ಭಾರತ ಅದುವರೆಗೆ ಗೋವಿನಜೋಳ ರಫ್ತು ಮಾಡುತ್ತಿದ್ದ ದೇಶ, 2024ರಲ್ಲಿ ಮ್ಯಾನ್ಮಾರ್, ಉಕ್ರೇನ್‌ಗಳಿಂದ ತರಿಸಿಕೊಳ್ಳುವಂತಾಯಿತು.

ಇದರ ಗಣಿತ ಹಾವೇರಿ, ರಾಣೆಬೆನ್ನೂರಿನ ಎಪಿಎಂಸಿಯಲ್ಲಿ ನಿಂತವರಿಗೆ ನೇರವಾಗಿ ತಟ್ಟುವಂಥದ್ದು. ಒಂದು ಟನ್ ಗೋವಿನಜೋಳಕ್ಕೆ ಸುಮಾರು 380 ಲೀಟರ್, ಅಂದರೆ ಕ್ವಿಂಟಲಿಗೆ 38 ಲೀಟರ್. 71.86ರಂತೆ 2,730 ರೂಪಾಯಿ. 2025-26ರ ಬೆಂಬಲ ಬೆಲೆ ಕ್ವಿಂಟಲಿಗೆ 2,400. ಉಳಿದ 330 ರೂಪಾಯಿ, ಜೊತೆಗೆ ಬರುವ ಸುಮಾರು 30 ಕಿಲೊ ಹಿಂಡಿಯ ಬೆಲೆ, ಇಷ್ಟರಲ್ಲಿ ಸಾಗಣೆ, ಕಲ್ಲಿದ್ದಲು, ಕಿಣ್ವ, ಕೂಲಿ, ಬಡ್ಡಿ ಎಲ್ಲ ಮುಗಿಯಬೇಕು. ಇನ್ನೊಂದು ಕಡೆ 2025ರ ಜನವರಿಯಲ್ಲಿ ಆಹಾರ ನಿಗಮದ ಅಕ್ಕಿಯನ್ನು ಕ್ವಿಂಟಲಿಗೆ 2,250ಕ್ಕೆ ಬಿಟ್ಟರು. ಅಕ್ಕಿಯಿಂದ ಕ್ವಿಂಟಲಿಗೆ 45 ಲೀಟರ್ ಬರುತ್ತದೆ, 58.50ರ ದರದಲ್ಲಿ 2,632 ರೂಪಾಯಿ, ಉಳಿತಾಯ 382. ಡಿಸ್ಟಿಲರಿಯವ ಯಾವುದರತ್ತ ವಾಲುತ್ತಾನೆ ಎಂದು ಬಿಡಿಸಿ ಹೇಳಬೇಕಿಲ್ಲ. 2025ರ ನವೆಂಬರಿನಲ್ಲಿ ಲಕ್ಷ್ಮೇಶ್ವರದಲ್ಲಿ ಗೋವಿನಜೋಳದ ಬೆಲೆಗಾಗಿ ರೈತರು ಧರಣಿ ಕುಳಿತದ್ದಕ್ಕೆ ಕಾರಣಗಳು ಹಲವು, ಇಳುವರಿಯೂ ಹೆಚ್ಚಿತ್ತು. ಆದರೆ ಪಟ್ಟಿಗೆ ಯಾವ ಧಾನ್ಯ ಯಾವ ದರದಲ್ಲಿ ಬರುತ್ತದೆ ಎಂಬುದು ದಿಲ್ಲಿಯ ಕಡತದ ಸಂಗತಿ ಮಾತ್ರ ಎಂದುಕೊಂಡವರು ಈ ಎರಡು ಸಾಲಿನ ಲೆಕ್ಕವನ್ನೊಮ್ಮೆ ಮಾಡಿ ನೋಡಬೇಕು.

ತೇವಾಂಶದ ಮಾತೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ಶೇ 20 ತೇವದ 100 ಕಿಲೊ ಗೋವಿನಜೋಳ ಶೇ 14ಕ್ಕೆ ಒಣಗಿದಾಗ 93 ಕಿಲೊ ಆಗುತ್ತದೆ. ಕಡಿತ ಅದಕ್ಕಿಂತ ಹೆಚ್ಚು ಹಿಡಿದರೆ ಪ್ರಶ್ನಿಸಬಹುದು. ಹಸಿ ಕಾಳನ್ನು ಗುಡ್ಡೆ ಹಾಕಿ ತಾಡಪತ್ರಿ ಹೊದಿಸಿದರೆ ಬೂಸ್ಟು ಬಂದು ಅಫ್ಲಾಟಾಕ್ಸಿನ್ ಎಂಬ ವಿಷ ಸೇರುತ್ತದೆ. ‘ಕೆಟ್ಟ ಧಾನ್ಯ ಎಥೆನಾಲ್‌ಗೆ ನಡೆಯುತ್ತದೆ’ ಎಂಬ ಮಾತು ಅರ್ಧ ಸತ್ಯ. ವಿಷ ಎಥೆನಾಲ್‌ಗೆ ಹೋಗುವುದಿಲ್ಲ, ನಿಜ. ಪಿಷ್ಟವೆಲ್ಲ ಖಾಲಿಯಾಗಿ ಮೂರರಲ್ಲಿ ಒಂದು ಭಾಗದಷ್ಟು ಹಿಂಡಿ ಉಳಿಯುತ್ತದಲ್ಲ, ಅಷ್ಟರಲ್ಲೇ ಆ ವಿಷ ಸುಮಾರು ಮೂರು ಪಟ್ಟು ಗಟ್ಟಿಯಾಗಿ ಕೂರುತ್ತದೆ. ಆ ಹಿಂಡಿ ತಿಂದ ಎಮ್ಮೆಯ ಹಾಲಿನಲ್ಲಿ ಅದರ ಅಂಶ ಇಳಿಯುತ್ತದೆ.

ಕಾರ್ಬನ್ನಿನ ತಕ್ಕಡಿ

ಹೊರದೇಶದ ನಿಯಮಗಳು ಬೇರೆ ತಕ್ಕಡಿ ಹಿಡಿಯುತ್ತವೆ. ಐರೋಪ್ಯ ಒಕ್ಕೂಟ ಪೆಟ್ರೋಲ್-ಡೀಸೆಲ್‌ನ ಹೊರಸೂಸುವಿಕೆಯನ್ನು ಪ್ರತಿ ಮೆಗಾಜೂಲ್ ಶಕ್ತಿಗೆ 94 ಗ್ರಾಂ ಇಂಗಾಲದ ಡೈಆಕ್ಸೈಡ್‌ಗೆ ಸಮ ಎಂದು ಹಿಡಿದು, 2021ರಿಂದ ಈಚೆಗೆ ಶುರುವಾದ ಘಟಕದ ಜೈವಿಕ ಇಂಧನ ಅದಕ್ಕಿಂತ ಕನಿಷ್ಠ ಶೇ 65 ಕಡಿಮೆ ಇರಬೇಕು ಎನ್ನುತ್ತದೆ. ಅಂದರೆ 32.9 ಗ್ರಾಂ ದಾಟಬಾರದು. ಅಂತರರಾಷ್ಟ್ರೀಯ ವಿಮಾನಗಳಿಗಾಗಿ ಇರುವ ಕೋರ್ಸಿಯಾ ವ್ಯವಸ್ಥೆ ಇಷ್ಟು ಬಿಗಿಯಲ್ಲ: ವಿಮಾನ ಇಂಧನದ 89 ಗ್ರಾಂಗಿಂತ ಶೇ 10ರಷ್ಟಾದರೂ ಕಡಿಮೆ ಇದ್ದರೆ ಸಾಕು.

ಎಕರೆಗೆ 20 ಕ್ವಿಂಟಲ್ ಗೋವಿನಜೋಳ ಬೆಳೆದ ಒಂದು ಹೊಲವನ್ನು ಈ ತಕ್ಕಡಿಗೆ ಹಾಕೋಣ. ಒಂದು ಚೀಲ ಡಿಎಪಿ, ಒಂದೂವರೆ ಚೀಲ ಯೂರಿಯಾ ಹಾಕಿದರೆ ಸುಮಾರು 40 ಕಿಲೊ ಸಾರಜನಕ. ಮಣ್ಣಿಗೆ ಬಿದ್ದ ಸಾರಜನಕದಲ್ಲಿ ಶೇ 1ರಷ್ಟು ನೈಟ್ರಸ್ ಆಕ್ಸೈಡ್ ಆಗಿ ಹಾರುತ್ತದೆ ಎಂಬುದು ಸಾಮಾನ್ಯವಾಗಿ ಹಿಡಿಯುವ ಅಂದಾಜು. 0.4 ಕಿಲೊ ಸಾರಜನಕ ಎಂದರೆ 0.63 ಕಿಲೊ ಅನಿಲ. ಆ ಅನಿಲ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 270 ಪಟ್ಟು ಬಿಸಿ ಏರಿಸುವುದರಿಂದ 170 ಕಿಲೊಗೆ ಸಮ. ಆ ಎಕರೆಯ ಎಥೆನಾಲ್ 760 ಲೀಟರ್, ಲೀಟರಿಗೆ 21 ಮೆಗಾಜೂಲ್‌ನಂತೆ 16,000 ಮೆಗಾಜೂಲ್. ಭಾಗಿಸಿದರೆ 10.6 ಗ್ರಾಂ. ಹಿಂಡಿಯೂ ಉತ್ಪನ್ನವೇ ಆದ್ದರಿಂದ ಶಕ್ತಿಯ ಪ್ರಮಾಣದಲ್ಲಿ ಅದರ ಪಾಲು ಕಳೆದರೆ ಎಥೆನಾಲ್‌ಗೆ ಬರುವುದು ಸುಮಾರು ಆರೂವರೆ ಗ್ರಾಂ. ಇನ್ನೂ ಯೂರಿಯಾ ತಯಾರಿಕೆ, ಟ್ರ್ಯಾಕ್ಟರ್, ಲಾರಿ ಬಾಕಿ ಇವೆ. ಆದರೂ ಹೊಲ ಒಂದೇ ಎಥೆನಾಲ್ ಅನ್ನು ಕೆಡಿಸುವಂತಿಲ್ಲ.

ಕೆಡಿಸುವುದು ಬಾಯ್ಲರ್. ಬಟ್ಟಿ ಇಳಿಸಿ, ನೀರು ತೆಗೆದು, ಹಿಂಡಿ ಒಣಗಿಸುವಷ್ಟಕ್ಕೆ ಲೀಟರಿಗೆ 4 ಕಿಲೊ ಹಬೆ ಬೇಕು ಎಂದಿಟ್ಟುಕೊಳ್ಳಿ. ಒಂದು ಕಿಲೊ ಕಲ್ಲಿದ್ದಲಿನಿಂದ 5 ಕಿಲೊ ಹಬೆ ಬಂದರೆ ಲೀಟರಿಗೆ 800 ಗ್ರಾಂ ಕಲ್ಲಿದ್ದಲು, ಸುಮಾರು 1.2 ಕಿಲೊ ಇಂಗಾಲದ ಡೈಆಕ್ಸೈಡ್. ಮೆಗಾಜೂಲಿಗೆ 57 ಗ್ರಾಂ. ಹಿಂಡಿಯ ಪಾಲು ಕಳೆದರೂ 35. ಬಾಯ್ಲರ್ ಒಂದೇ ಮಿತಿಯನ್ನು ದಾಟಿಸಿಬಿಟ್ಟಿತು. ಅದೇ ಬಾಯ್ಲರಿಗೆ ಕಬ್ಬಿನ ಸಿಪ್ಪೆಯನ್ನೋ ಕಾಳು ಬಿಡಿಸಿದ ಗೋವಿನಜೋಳದ ದಿಂಡನ್ನೋ ಹಾಕಿದರೆ ಈ 35 ಬಹುಪಾಲು ಕರಗುತ್ತದೆ. ಒಂದು ಕ್ವಿಂಟಲ್ ಕಾಳಿನ ಜೊತೆ ಸುಮಾರು 20 ಕಿಲೊ ದಿಂಡು ಬರುತ್ತದೆ. ಆ ಕಾಳನ್ನು ಎಥೆನಾಲ್ ಮಾಡಲು ಬೇಕಾದ ಹಬೆಯಲ್ಲಿ ಸುಮಾರು ಅರ್ಧವನ್ನು ಅದೇ ದಿಂಡು ಕೊಡಬಲ್ಲದು. ಕಚ್ಚಾವಸ್ತು ಅರ್ಹವೇ ಎಂದು ಕೇಳುವಾಗ ಯಾವ ಬಾಯ್ಲರಿನವರ ಮನೆಗೆ ಹೋಗುತ್ತದೆ ಎಂದೂ ಕೇಳಬೇಕಾದದ್ದು ಇದಕ್ಕೇ.

ಹುದುಗು ಬರುವಾಗ ಏಳುವ ಗುಳ್ಳೆಗಳ ಲೆಕ್ಕ ಯಾಕಿಲ್ಲ ಎಂಬ ಅನುಮಾನ ಹಲವರಿಗೆ. ಅದು ಬೆಳೆ ಗಾಳಿಯಿಂದ ಹೀರಿದ್ದೇ ಆದ್ದರಿಂದ ಕೂಡುವುದಿಲ್ಲ.

ನೀರನ್ನು ಮಾತ್ರ ಈ ಗ್ರಾಂ ಲೆಕ್ಕ ಮುಟ್ಟುವುದೇ ಇಲ್ಲ. ಕಬ್ಬಿನಿಂದ ಒಂದು ಲೀಟರ್ ಎಥೆನಾಲ್‌ಗೆ ಸುಮಾರು 2,860 ಲೀಟರ್ ನೀರು ಎಂದು 2021ರ ನೀತಿ ಆಯೋಗದ ವರದಿಯೇ ಹೇಳಿದೆ. ಗದಗದಂಥ ಖುಷ್ಕಿ ಜಿಲ್ಲೆಯಲ್ಲಿ ನಿಜವಾದ ಮಿತಿ ಇದೇ ಆಗಬೇಕಿತ್ತು ಎಂದು ನಮ್ಮ ಅಭಿಪ್ರಾಯ.

2008ರ ಜನವರಿ, ಪಹಣಿ, ಕೃಷ್ಣಮೃಗ

ಜಮೀನಿನ ಷರತ್ತಿಗೆ ಒಂದು ಗಡುವಿದೆ. 2008ರ ಜನವರಿಯ ನಂತರ ಕಾಡು ಕಡಿದು, ಜೌಗು ಒಣಗಿಸಿ, ಇಲ್ಲವೇ ಜೀವವೈವಿಧ್ಯದ ಹುಲ್ಲುಗಾವಲು ಉತ್ತು ಮಾಡಿದ ಹೊಲದ ಬೆಳೆಗೆ ಐರೋಪ್ಯ ಮನ್ನಣೆ ಇಲ್ಲ. ಕೋರ್ಸಿಯಾ ಕೂಡ ಅದೇ ದಿನಾಂಕ ಹಿಡಿಯುತ್ತದೆ. ಕಪ್ಪತಗುಡ್ಡದ ಅಂಚು, ರಾಣೆಬೆನ್ನೂರಿನ ಕೃಷ್ಣಮೃಗ ಧಾಮದ ಸುತ್ತು, ಮಾಗಡಿ ಕೆರೆಯ ಅಂಗಳ ಇಂಥ ಕಡೆಗಳಲ್ಲಿ ಪ್ರಶ್ನೆ ಏಳುವುದು ಸಹಜ. ಕಾಡು ಕಡಿದರೆ ಉಪಗ್ರಹದ ಚಿತ್ರದಲ್ಲಿ ಕಾಣುತ್ತದೆ, ತಕರಾರಿಲ್ಲ. ಬಯಲುಸೀಮೆಯ ಹುಲ್ಲುಗಾವಲಿನದೇ ಕಷ್ಟ. ನಮ್ಮ ದಾಖಲೆಗಳು ಅದನ್ನು ‘ಪಾಳು’, ‘ಗೋಮಾಳ’ ಎಂದು ಬರೆದಿರುತ್ತವೆ. ಕೃಷ್ಣಮೃಗ ಬದುಕುವುದು ಅಂಥ ಪಾಳಿನಲ್ಲೇ. 2008ರ ನಂತರ ಸಾಗುವಳಿಗೆ ಬಂದ ಬಗರ್‌ಹುಕುಂ ಜಮೀನಿಗೆ ಸಕ್ರಮದ ಪತ್ರ ಸಿಕ್ಕಿರಬಹುದು, ಆದರೆ ಅದು ಮೊದಲು ಅಂಥ ಹುಲ್ಲುಗಾವಲಾಗಿದ್ದರೆ ಇಂಧನ ನಿಯಮದ ಕಣ್ಣಿಗೆ ಹುಲ್ಲುಗಾವಲು ಉತ್ತ ಜಮೀನೇ.

ಹಳೆಯ ಸಾಗುವಳಿ ಎಂದು ತೋರಿಸಲು ಕರ್ನಾಟಕದ ರೈತನ ಕೈಯಲ್ಲಿ ಒಳ್ಳೆಯ ಸಾಧನವಿದೆ: ‘ಭೂಮಿ’ ಗಣಕೀಕರಣವಾದ ಮೇಲಿನ ವರ್ಷವಾರು ಪಹಣಿ. 2007-08ರ ಪಹಣಿಯ ಬೆಳೆ ಕಾಲಂ ತೆಗೆಸಿ ಇಟ್ಟುಕೊಂಡರೆ ಅರ್ಧ ಕೆಲಸ ಮುಗಿದಂತೆ. ಅರ್ಧ ಮಾತ್ರ, ಏಕೆಂದರೆ ಆ ಕಾಲಂನಲ್ಲಿ ಹಿಂದಿನ ವರ್ಷದ್ದನ್ನೇ ನಕಲು ಮಾಡಿದ ಪ್ರಸಂಗಗಳನ್ನು ಯಾವ ರೈತನೂ ಹೇಳಬಲ್ಲ. ಲೆಕ್ಕಪರಿಶೋಧಕರು ಅದನ್ನು ಉಪಗ್ರಹ ಚಿತ್ರದ ಜೊತೆ, ಇತ್ತೀಚಿನ ವರ್ಷಗಳಿಗಾದರೆ ಬೆಳೆ ಸಮೀಕ್ಷೆಯ ಫೋಟೊಗಳ ಜೊತೆ ತಾಳೆ ನೋಡುತ್ತಾರೆ.

ಇನ್ನೊಂದು ಸೂಕ್ಷ್ಮ: ಹೊಲ ಹಳೆಯದೇ ಆದರೂ ಬೆಳೆ ಬದಲಾದರೆ? ಎಥೆನಾಲ್ ಬೇಡಿಕೆಗೆ ಮನಸೋತು ಹೆಸರು, ಶೇಂಗಾ ಬಿತ್ತುತ್ತಿದ್ದವನು ಗೋವಿನಜೋಳ ಬಿತ್ತಿದ ಎಂದುಕೊಳ್ಳಿ. ಊಟಕ್ಕೆ ಬೇಳೆ ಬೇಕೇಬೇಕು. ಅದು ಆಫ್ರಿಕದಿಂದಲೋ ಮ್ಯಾನ್ಮಾರ್‌ನಿಂದಲೋ ಬರಬೇಕು. ಅಲ್ಲಿ ಯಾರೋ ಹೊಸ ನೆಲ ಉಳುತ್ತಾರೆ. ಆ ಉಳುಮೆಯ ಕಾರ್ಬನ್ನನ್ನು ಯಾರ ಖಾತೆಗೆ ಬರೆಯುವುದು? ಇದಕ್ಕೆ ಪರೋಕ್ಷ ಭೂಬಳಕೆ ಬದಲಾವಣೆ ಎಂದು ಹೆಸರು. ಇದನ್ನು ಹೊಲದಲ್ಲಿ ಅಳೆಯಲು ಬರುವುದಿಲ್ಲ, ಅರ್ಥಶಾಸ್ತ್ರದ ಮಾದರಿಗಳಿಂದ ಅಂದಾಜು ಮಾಡಬೇಕು. ಹಾಗಾಗಿ ಜಗಳ ಮುಗಿಯುವುದಿಲ್ಲ. ಕೋರ್ಸಿಯಾದ ಸಿದ್ಧ ಪಟ್ಟಿಯಲ್ಲಿ ಅಮೆರಿಕದ ಗೋವಿನಜೋಳದ ಎಥೆನಾಲ್‌ನಿಂದ ಮಾಡಿದ ವಿಮಾನ ಇಂಧನಕ್ಕೆ 65.7 ಗ್ರಾಂ ಸ್ವಂತದ್ದು, 25.1 ಗ್ರಾಂ ಪರೋಕ್ಷದ್ದು. ಕೂಡಿದರೆ 90.8; ಸೀಮೆಎಣ್ಣೆಯ ಜಾತಿಯ 89ಕ್ಕಿಂತಲೂ ಹೆಚ್ಚು, ಅನರ್ಹ. ಕರಿದ ಎಣ್ಣೆಯದು 13.9, ಪರೋಕ್ಷ ಸೊನ್ನೆ. ಐರೋಪ್ಯ ಒಕ್ಕೂಟ ಗ್ರಾಂ ಕೂಡುವ ಗೋಜಿಗೆ ಹೋಗದೆ, ಆಹಾರ-ಮೇವಿನ ಬೆಳೆಗಳ ಇಂಧನ ಸಾರಿಗೆಯಲ್ಲಿ ಶೇ 7 ಮೀರಬಾರದು ಎಂದು ಕಟ್ಟು ಹಾಕಿದೆ.

ದಿಂಡು ಮತ್ತು ಕಟ್ಟಿಗೆ

ಐರೋಪ್ಯ ಪಟ್ಟಿಯಲ್ಲಿ ‘ಕಾಳು ಬಿಡಿಸಿದ ಗೋವಿನಜೋಳದ ದಿಂಡು’ ಎಂದೇ ಸ್ಪಷ್ಟವಾಗಿ ಬರೆದಿದ್ದಾರೆ. ಕಾಳು ಉಳಿದ ದಿಂಡು ಬಂದರೆ ಅದು ಆಹಾರದ ಬೆಳೆ. ಒಕ್ಕಣೆ ಯಂತ್ರದ ಜರಡಿ ಸರಿಯಿಲ್ಲದೆ ಕಾಳು ಹೊರಗೆ ಹೋಗುತ್ತಿದ್ದರೆ ರೈತನಿಗೂ ನಷ್ಟ, ದಿಂಡಿನ ದರ್ಜೆಗೂ ಪೆಟ್ಟು. ದಾವಣಗೆರೆ ಜಿಲ್ಲೆಯ ಹರಿಹರದ ಬಳಿ ಇಂಥ ಶೇಷಗಳಿಂದ ದಿನಕ್ಕೆ 60 ಸಾವಿರ ಲೀಟರ್ ಎಥೆನಾಲ್ ತೆಗೆಯುವ ಘಟಕವನ್ನು ಮಂಗಳೂರಿನ ತೈಲ ಶುದ್ಧೀಕರಣ ಕಂಪನಿ ಎಂಆರ್‌ಪಿಎಲ್ ಯೋಜಿಸಿದ್ದು ಈ ಸೀಮೆಯ ಗೋವಿನಜೋಳವನ್ನು ನೋಡಿಯೇ.

ಹತ್ತಿಕಟ್ಟಿಗೆಯದು ಬೇರೆ ಕಥೆ. ಕೊನೆಯ ಬಿಡಿಸುವಿಕೆ ಮುಗಿದ ಮೇಲೆ ಅದು ಹೊಲದಲ್ಲಿ ನಿಂತರೆ ಗುಲಾಬಿ ಕಾಯಿಕೊರಕ ಅದರಲ್ಲೇ ಉಳಿದು ಮುಂದಿನ ಬೆಳೆಗೆ ಬರುತ್ತದೆ. ಕಿತ್ತು ಸಾಗಿಸುವುದೇ ಶಿಫಾರಸು. ಹೀಗೆ ತೆಗೆದರೆ ಲಾಭವಾಗುವ ಶೇಷ ಅಪರೂಪ. ಉಳಿದ ಬೆಳೆಗಳಲ್ಲಿ ಸಪ್ಪಿ-ರವದಿಯನ್ನೆಲ್ಲ ಒಯ್ದರೆ ಮಣ್ಣಿನ ಸಾವಯವ ಇಂಗಾಲ ಇಳಿಯುತ್ತದೆ. ಐರೋಪ್ಯ ನಿಯಮ ಹೊಲದ ಶೇಷ ತರುವವರಿಂದ ಮಣ್ಣಿನ ಗುಣ, ಇಂಗಾಲ ಕಾಯುವ ಯೋಜನೆ ಕೇಳುತ್ತದೆ. ಎಷ್ಟು ಪಾಲು ಹೊಲದಲ್ಲೇ ಬಿಟ್ಟಿರಿ ಎಂದು ಬರೆದಿಡಬೇಕು.

ಕಟ್ಟಿಗೆ ಕೀಳುವಾಗ ಆಗುವ ತಪ್ಪು ಒಂದಿದೆ. ಎರೆ ಮಣ್ಣು ಹಸಿ ಇರುವಾಗ ಬೇರುಸಮೇತ ಕಿತ್ತರೆ ಬೇರಿನ ಜೊತೆ ಮಣ್ಣಿನ ಹೆಂಟೆಯೂ ಬರುತ್ತದೆ. ಬಾಯ್ಲರಿನಲ್ಲಿ ಅದು ಕರಗಿ ಗಟ್ಟಿ ಕಿಟ್ಟ ಕಟ್ಟುತ್ತದೆ, ಚೂರು ಮಾಡುವ ಯಂತ್ರದ ಅಲಗು ಮೊಂಡಾಗುತ್ತದೆ. ಒಣಗಿದ ಮೇಲೆ ಕಿತ್ತು, ಝಾಡಿಸಿ, ಒಂದೆರಡು ವಾರ ಬಿಸಿಲಿಗೆ ಬಿಟ್ಟು, ಚೂರು ಮಾಡಿಯೇ ಲಾರಿಗೆ ತುಂಬಬೇಕು. ಇಡಿಯಾಗಿ ತುಂಬಿದರೆ ಲಾರಿ ತುಂಬುತ್ತದೆ, ತೂಕ ಬರುವುದಿಲ್ಲ. ಬಾಡಿಗೆಯೇ ಮಾಲನ್ನು ತಿಂದುಹಾಕುತ್ತದೆ.

ಮತ್ತೆ ಎಣ್ಣೆಯ ಡಬ್ಬಿಗೆ

ಕರಿದ ಎಣ್ಣೆಗೆ ದೇಶದಲ್ಲೂ ನಿಯಮವಿದೆ. ಎಣ್ಣೆ ಮತ್ತೆ ಮತ್ತೆ ಕಾದು ಕೆಟ್ಟಾಗ ಹುಟ್ಟುವ ಪೋಲಾರ್ ಸಂಯುಕ್ತಗಳು ಶೇ 25 ದಾಟಿದರೆ ಅದರಲ್ಲಿ ಕರಿಯಬಾರದು ಎಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2018ರ ಜುಲೈ 1ರಿಂದ ಜಾರಿಗೆ ತಂದಿತು. ಕರಿಯಲು ದಿನಕ್ಕೆ 50 ಲೀಟರಿಗಿಂತ ಹೆಚ್ಚು ಎಣ್ಣೆ ಬಳಸುವವರು ದಾಖಲೆ ಇಟ್ಟು, ಹಳೆಯ ಎಣ್ಣೆಯನ್ನು ಅನುಮತಿ ಪಡೆದ ಸಂಗ್ರಾಹಕರಿಗೇ ಕೊಡಬೇಕು. ಹುಬ್ಬಳ್ಳಿಯ ದೊಡ್ಡ ಹೋಟೆಲು, ಸವಣೂರಿನ ಖಾರ ತಯಾರಿಸುವ ದೊಡ್ಡ ಕಡಾಯಿಗಳು ಈ ಲೆಕ್ಕಕ್ಕೆ ಬರಬಹುದು. ಮಿರ್ಚಿ ಗಾಡಿ ಬರುವುದಿಲ್ಲ. ಹಾಗಾಗಿ ಗಾಡಿಗಳ ಎಣ್ಣೆ ಕೂಡಿಸುವ ಕೆಲಸ ಪೂರ್ತಿ ಸಂಗ್ರಾಹಕನ ಮೇಲೆ.

ಕೊಡುವವರು ಮಾಡಬೇಕಾದದ್ದು ಕಡಿಮೆ. ಎಣ್ಣೆ ಆರಿದ ಮೇಲೆ ಬಟ್ಟೆಯಲ್ಲಿ ಸೋಸಿ ಕಡಲೆಹಿಟ್ಟಿನ ಚರಟ ತೆಗೆಯಬೇಕು. ನೀರು ಸೋಕಿಸಬಾರದು, ಒಗ್ಗರಣೆ-ಸಾರಿನ ಜಿಡ್ಡು ಬೆರೆಸಬಾರದು, ಮುಚ್ಚಳ ಬಿಗಿಯಿರಬೇಕು, ಡಬ್ಬಿಯ ಮೇಲೆ ತಾರೀಖು ಬರೆದಿರಬೇಕು. ಕಾರಣ ಘಟಕದಲ್ಲಿದೆ. 100 ಕಿಲೊ ಎಣ್ಣೆಗೆ ಸುಮಾರು 11 ಕಿಲೊ ಮೆಥನಾಲ್ ಸೇರಿ 100 ಕಿಲೊ ಬಯೋಡೀಸೆಲ್, 10-11 ಕಿಲೊ ಗ್ಲಿಸರಿನ್ ಆಗುತ್ತದೆ. ಇದನ್ನು ನಡೆಸುವುದು ಕ್ಷಾರ. ನೀರು ಇದ್ದರೆ, ಇಲ್ಲವೇ ಎಣ್ಣೆ ಹಳಸಿ ಬಿಡಿ ಕೊಬ್ಬಿನಾಮ್ಲ ಸುಮಾರು ಶೇ 2 ದಾಟಿದ್ದರೆ, ಕ್ಷಾರ ಅದರ ಜೊತೆ ಸಾಬೂನು ಕಟ್ಟುತ್ತದೆ. ಬಯೋಡೀಸೆಲ್-ಗ್ಲಿಸರಿನ್ ಬೇರೆಯಾಗದೆ ಟ್ಯಾಂಕಿನಲ್ಲಿ ಗಂಜಿಯಂತೆ ನಿಲ್ಲುತ್ತದೆ. ಆಗ ಮೊದಲು ಆಮ್ಲದಿಂದ ಒಂದು ಸುತ್ತು ಮಾಡಬೇಕು. ಖರ್ಚು ಏರುತ್ತದೆ, ಡಬ್ಬಿಗೆ ಕೊಡುವ ದರ ಇಳಿಯುತ್ತದೆ.

ಮೋಸ ಹುಟ್ಟುವುದೂ ಇಲ್ಲಿಯೇ. ಕೆಟ್ಟ ಎಣ್ಣೆಗೆ ಹೊಸ ಎಣ್ಣೆಗಿಂತ ಬೆಲೆ ಬಂದ ದಿನ ಯಾರಾದರೂ ಹೊಸ ಪಾಮ್ ಎಣ್ಣೆಯನ್ನೇ ಕರಿದದ್ದೆಂದು ಕೊಡಲು ಹವಣಿಸುತ್ತಾರೆ. ಏಷ್ಯಾದಿಂದ ಯುರೋಪಿಗೆ ಹೋಗುವ ಕರಿದ ಎಣ್ಣೆಯ ಬಗ್ಗೆ ವರ್ಷಗಳಿಂದ ಇದೇ ಶಂಕೆ. ಕೊಬ್ಬಿನಾಮ್ಲಗಳ ವಿನ್ಯಾಸ ಎರಡರಲ್ಲೂ ಬಹುಮಟ್ಟಿಗೆ ಒಂದೇ ಇರುವುದರಿಂದ ಪ್ರಯೋಗಾಲಯ ಸುಲಭವಾಗಿ ಹಿಡಿಯಲಾರದು. ಪೋಲಾರ್ ಸಂಯುಕ್ತ ನೋಡಿದರೂ ಸ್ವಲ್ಪ ಹಳೆಯದಕ್ಕೆ ಹೊಸದು ಬೆರೆಸಿದವನು ತಪ್ಪಿಸಿಕೊಳ್ಳುತ್ತಾನೆ. ಹೆಚ್ಚು ಹಿಡಿಯುವುದು ಸಾದಾ ಅಂಕಗಣಿತ. 15 ಕಿಲೊ ಡಬ್ಬಿ ತಂದ ಅಂಗಡಿಯ ಮಿರ್ಚಿ ಎಣ್ಣೆ ಕುಡಿದೇ ಕುಡಿಯುತ್ತದೆ. ಅವನು 14 ಕಿಲೊ ಹಳೆಯ ಎಣ್ಣೆ ಕೊಟ್ಟೆ ಎಂದರೆ ಚೀಟಿ ಸುಳ್ಳು. ಆದ್ದರಿಂದ ಐಎಸ್‌ಸಿಸಿಯಂಥ ಪ್ರಮಾಣೀಕರಣ ವ್ಯವಸ್ಥೆಗಳು ಅಂಗಡಿಯ ಘೋಷಣಾ ಪತ್ರ, ಸಂಗ್ರಾಹಕನ ತೂಕದ ಚೀಟಿ, ಗಾಡಿಯ ದಾರಿ ಇವುಗಳನ್ನು ಒಂದಕ್ಕೊಂದು ತಾಳೆ ನೋಡುತ್ತವೆ. 2025ರಲ್ಲಿ ಇಂಡಿಯನ್ ಆಯಿಲ್‌ನ ಪಾಣಿಪತ್ ಶುದ್ಧೀಕರಣಾಗಾರ ಕರಿದ ಎಣ್ಣೆಯಿಂದ ವಿಮಾನ ಇಂಧನ ಮಾಡಲು ಕೋರ್ಸಿಯಾ ಪ್ರಮಾಣಪತ್ರ ಪಡೆದದ್ದು ಇದೇ ದಾರಿಯಲ್ಲಿ. ಅಂತರರಾಷ್ಟ್ರೀಯ ವಿಮಾನಗಳಿಗೆ 2027ರಲ್ಲಿ ಶೇ 1, 2028ರಲ್ಲಿ ಶೇ 2 ಇಂಥ ಇಂಧನ ಎಂಬ ಗುರಿ ಇರುವುದರಿಂದ ಸಂಗ್ರಾಹಕರ ಗಾಡಿ ಹುಬ್ಬಳ್ಳಿಯ ಗಲ್ಲಿಗಳಿಗೂ ಹೆಚ್ಚು ಬರಬಹುದು.

ಟ್ಯಾಂಕಿನಲ್ಲಿ ಎಲ್ಲವೂ ಬೆರೆತ ಮೇಲೆ ಯಾವ ಹನಿ ಯಾರದು? ಹತ್ತು ಮನೆಯವರು ಒಂದೇ ಹಗೇವಿಗೆ ಜೋಳ ಸುರಿದರೆ ತೆಗೆಯುವಾಗ ಅದೇ ಕಾಳು ಬೇಕೆಂದು ಯಾರೂ ಹಟ ಹಿಡಿಯುವುದಿಲ್ಲ. ಹಾಕಿದಷ್ಟು ಚೀಲ ಸಿಕ್ಕರೆ ಆಯಿತು. ನಿಯಮವೂ ಹಾಗೇ ಒಪ್ಪುತ್ತದೆ. ಆದರೆ ಒಂದು ಷರತ್ತು: ಮೂರು ತಿಂಗಳಿಗೊಮ್ಮೆ ಖಾತೆ ಕೂಡಿಸಿದಾಗ ಒಳಗೆ ಬಂದದ್ದಕ್ಕಿಂತ ಹೆಚ್ಚು ಪ್ರಮಾಣಿತ ಮಾಲು ಹೊರಗೆ ಹೋಗಿರಬಾರದು. ಗೋವಿನಜೋಳದಲ್ಲಿ ಈ ಖಾತೆ ಶುರುವಾಗುವುದು ಮೊದಲ ಸಂಗ್ರಹದ ಜಾಗದಲ್ಲಿ, ಅಂದರೆ ದಲಾಲಿ ಅಂಗಡಿಯಲ್ಲಿ ಇಲ್ಲವೇ ರೈತ ಉತ್ಪಾದಕ ಸಂಸ್ಥೆಯಲ್ಲಿ. ಅಲ್ಲಿ ಸರ್ವೆ ನಂಬರಿಲ್ಲದ ಬಿಳಿ ಚೀಟಿಯ ಮೇಲೆ ಕೊಂಡ ಮಾಲು ಎಷ್ಟೇ ಒಳ್ಳೆಯದಿದ್ದರೂ ಪ್ರಮಾಣಿತ ಎನಿಸಿಕೊಳ್ಳುವುದಿಲ್ಲ.

ಹೊಂಗೆಯನ್ನು ಬಿಟ್ಟರೆ ಈ ಸೀಮೆಯವರು ಒಪ್ಪಲಿಕ್ಕಿಲ್ಲ. 2009ರಲ್ಲೇ ರಾಜ್ಯ ತನ್ನದೇ ಜೈವಿಕ ಇಂಧನ ನೀತಿ ತಂದು, ಹೊಂಗೆ, ಬೇವು, ಹಿಪ್ಪೆ, ಸಿಮರೂಬ ನೆಡಿಸಿತು. ಬದುವಿನ ಹೊಂಗೆ ಮೇಲಿನ ಪ್ರಶ್ನೆಗಳನ್ನೆಲ್ಲ ಸಲೀಸಾಗಿ ದಾಟುತ್ತದೆ: ಯಾರ ಊಟವನ್ನೂ ಕಸಿಯುವುದಿಲ್ಲ, ಹೊಸ ನೆಲ ಕೇಳುವುದಿಲ್ಲ, ಗೊಬ್ಬರವನ್ನೂ ಬೇಡುವುದಿಲ್ಲ, ಹಿಂಡಿ ಮತ್ತೆ ಹೊಲಕ್ಕೆ. ಅಡ್ಡಿ ಇರುವುದು ಕೂಲಿಯಲ್ಲಿ. ಗಾಣಕ್ಕೆ ಹಾಕಿದರೆ ಒಂದು ಕಿಲೊ ಎಣ್ಣೆಗೆ ಸುಮಾರು ನಾಲ್ಕು ಕಿಲೊ ಬೀಜ ಬೇಕು. ಆ ನಾಲ್ಕು ಕಿಲೊ ಬೀಜಕ್ಕೆ ಅದರ ಸುಮಾರು ದುಪ್ಪಟ್ಟು ತೂಕದ ಕಾಯಿಯನ್ನು ಬೇಸಿಗೆಯ ಬಿಸಿಲಿನಲ್ಲಿ ಬದುವಿನಿಂದ ಬದುವಿಗೆ ಆರಿಸಿ, ಒಣಗಿಸಿ, ಬಡಿದು ಬಿಡಿಸಬೇಕು.